ಲೆಕ್ಕಕ್ಕಿಲ್ಲ

ಚೆಸ್ ಕ್ಲಬ್ಬಿಗೆ ಮೂವರು; ಒಬ್ಬ ಬಾರದ ದಿನ
ಆಟ ಸಲೀಸು.
ಲ್ಯಾಟಿನ್ ಕ್ಲಬ್ಬಿಗೆ ಒಬ್ಬಳೇ, ಅಧ್ಯಕ್ಷೆಯೂ ಅವಳೇ,
ತನ್ನನ್ನು ತಾನೇ ಅವಿರೋಧವಾಗಿ ಆರಿಸಿಕೊಂಡವಳು.
ರೋಬೋಟಿನವರು ರಾತ್ರಿ ಒಂಬತ್ತಾದರೂ ಮನೆಗೆ ಹೋಗರು;
ಅವರ ಯಂತ್ರ, ಎಡಕ್ಕೆ ತಿರುಗು ಎಂದರೆ
ನೆಟ್ಟಗೆ ಹೋಗಿ ಗೋಡೆಗೆ ಹಾಯುತ್ತದೆ,
ನನ್ನ ಮೊದಲ ಗಂಡನ ಹಾಗೆ.

ನಾನು ಲೋರ್ನಾ ಟ್ವೆಟ್. ರಸಾಯನಶಾಸ್ತ್ರ, ಕೋಣೆ ನೂರಾ ಹದಿನಾಲ್ಕು.
ಮಿನ್ನೆಸೋಟಾದ ಈ ಊರಿನಲ್ಲಿ ಆರು ತಿಂಗಳು ಹಿಮ,
ವರ್ಷವಿಡೀ ಟರ್ಕಿ ಕೋಳಿಯ ಕಾರ್ಖಾನೆಯ ವಾಸನೆ.
ಗೌರವ ಸಂಘವನ್ನು ನನ್ನ ತಲೆಗೆ ಕಟ್ಟಿ
ಇಪ್ಪತ್ತೆರಡು ವರ್ಷವಾಯಿತು.

ಗೌರವಕ್ಕೂ ಒಂದು ಫಾರಮ್ಮಿದೆ, ಹಳದಿಯದು:
ಅಂಕ ಇಷ್ಟು, ನಡತೆ ಇಷ್ಟು, ಸೇವೆ ನಲವತ್ತು ಗಂಟೆ.
ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಮನೆಯವರಿಗೆ ಮಾಡಿದ್ದು ಸೇರದು.

ಪಾ ವಾ ಅದನ್ನು ಓದಿರಲಿಲ್ಲ. ಅಥವಾ ಓದಿಯೂ ಬರೆದಳೋ.
ಬರ್ಮಾದಿಂದ ಬಂದ ಕರೆನ್ ಹುಡುಗಿ. ಅವರಲ್ಲಿ ಮನೆತನದ ಹೆಸರಿಲ್ಲ;
ನಮ್ಮ ಫಾರಮ್ಮಿಗೆ ಎರಡು ಖಾನೆ ಬೇಕು,
ಇದ್ದ ಒಂದೇ ಹೆಸರನ್ನು ಮುರಿದು ಎರಡಕ್ಕೂ ಹಂಚಿದ್ದಾಳೆ.

ಅಪ್ಪನ ಬೆರಳಿಗೆ ಹೊಲಿಗೆ, ಡಾಕ್ಟರ ಮಾತು ಅತ್ತ,
ಅಪ್ಪನ ನೋವು ಇತ್ತ ದಾಟಿಸಿದ್ದು: ಆರು ಗಂಟೆ.
ಮನೆಮಾಲೀಕನ ಹತ್ತಿರ ಹೀಟರಿನ ಜಗಳ: ಎರಡು.
ಅಜ್ಜಿಗೆ ಪೌರತ್ವದ ಪ್ರಶ್ನೆಗಳ ಬಾಯಿಪಾಠ: ಮೂವತ್ತೊಂದು.
ಬ್ಯಾಂಕು, ಕರೆಂಟು ಬಿಲ್ಲು, ತಮ್ಮನ ಟೀಚರು: ಹತ್ತೊಂಬತ್ತು.
ಮಗುವಿನ ಎದೆಬಡಿತ ಕೇಳುತ್ತಿಲ್ಲ ಎಂದು
ಅಮ್ಮನಿಗೆ ಹೇಳಿದ್ದು: ಕಾಲು ಗಂಟೆ.

ಕೂಡಿದೆ. ಐವತ್ತೆಂಟೂಕಾಲು.
ಆಮೇಲೆ ಕೆಂಪು ಪೆನ್ನು ತೆಗೆದೆ.
ನಮ್ಮದು ಐವರ ಸಮಿತಿ. ನಾಲ್ಕು ಕೈ ಮೇಲೆ ಹೋದವು,
ಅದರಲ್ಲೊಂದು ನನ್ನದು.
ನಿಯಮ ನಿಯಮವೇ ಎಂದೆವು, ಕಾಫಿ ಕುಡಿದೆವು.
ಆಟಕ್ಕುಂಟು ಲೆಕ್ಕಕ್ಕಿಲ್ಲದ ಹುಡುಗಿ
ಸರಿ ಮಿಸೆಸ್ ಟ್ವೆಟ್, ಎಂದು ಬ್ಯಾಗು ಹೆಗಲಿಗೇರಿಸಿದಳು.

ಅಕ್ಟೋಬರಿನಲ್ಲಿ ಮತ್ತೆ ಬಂದಳು. ಈ ಸಲ ಹಸಿರು ಫಾರಮ್ಮು:
ಹೊಸ ಕ್ಲಬ್ಬು ತೆರೆಯಲು ಅರ್ಜಿ. ಹೆಸರು: ನೆರೆಮನೆ.
ಸದಸ್ಯರು: ಸೇ ಗೇ, ಎ ಸೂ, ಇನ್ನಿಬ್ಬರು, ತಾನು.
ಐದು ಇದ್ದರೆ ಸಾಕಲ್ಲ, ಸಹಿ ಹಾಕಿದೆ.

ಎರಡನೆಯ ಗುರುವಾರ, ಮರೆತ ಕನ್ನಡಕಕ್ಕೆಂದು ಹೋದರೆ
ನನ್ನ ಹಲಗೆಯ ಮೇಲೆ, ಕ್ಷಾರಲೋಹಗಳನ್ನು ಒರೆಸಿ,
ಎರಡು ಪಟ್ಟಿ:
ಎ ಸೂನ ಅಪ್ಪ, ಪಾ ವಾಗೆ.
ಪಾ ವಾಳ ಅಜ್ಜಿ, ಸೇ ಗೇಗೆ.
ಸೇ ಗೇಯ ಅಕ್ಕನ ಹೆರಿಗೆ, ಎ ಸೂಗೆ ನಾಚಿಕೆ, ಆದ್ದರಿಂದ
ಬೇರೆಯವರು ನೋಡುವುದು.
ಹೆತ್ತವರನ್ನು ಅದಲುಬದಲು ಮಾಡಿಕೊಂಡು ಕೂತಿದ್ದರು ಮಕ್ಕಳು
ಗೋಲಿ ಬದಲಿಸಿಕೊಳ್ಳುವ ಹಾಗೆ.

ಅದೇ ಆಸ್ಪತ್ರೆ, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಮಾತು,
ತಾಯಿ ಮಾತ್ರ ಬೇರೆಯವರದು.
ಈಗ ಅದು ಸೇವೆ. ನಾನೇ ಮೊಹರು ಒತ್ತಿದೆ.

ಪಟ್ಟಿಯ ಕೊನೆಯಲ್ಲಿ ಒಂದು ಸಾಲು
ಬರೆದು ಒರೆಸಿದ್ದು ಇನ್ನೂ ಕಾಣುತ್ತಿತ್ತು:
ಪಾ ವಾಳ ಅಮ್ಮ,
ಮುಂದೆ ಯಾರ ಹೆಸರೂ ಇಲ್ಲ.
ಅಮ್ಮನನ್ನು ಮಾತ್ರ ಅವಳು ಯಾರಿಗೂ ಕೊಡಲಿಲ್ಲ.

ಮಾರ್ಚಿನಲ್ಲಿ ಸಮಾರಂಭ, ಊಟದ ಹಾಲಿನಲ್ಲೇ.
ಪರದೆಗೆ ಬೆಂಕಿ ಹತ್ತಿದ ವರ್ಷದಿಂದ
ನಮ್ಮ ಮೇಣದಬತ್ತಿಗಳೆಲ್ಲ ಬ್ಯಾಟರಿಯವು.
ಜ್ಞಾನ, ನಡತೆ, ಸೇವೆ ಎಂದು ನಾನು ಓದುತ್ತಿದ್ದರೆ
ಮೊದಲ ಸಾಲಿನಲ್ಲಿ ಪಾ ವಾಳ ಅಜ್ಜಿ
ಮೊಮ್ಮಗಳ ಕೈಯ ದೀಪ ಇಸಕೊಂಡು
ಉಫ್ ಎಂದು ಊದಿದಳು. ಆರಲಿಲ್ಲ.
ಇನ್ನೊಮ್ಮೆ ಊದಿದಳು. ತಿರುಗಿಸಿ ತಳ ನೋಡಿದಳು.
ಕಿಸಕ್ಕನೆ ನಕ್ಕು ಪಕ್ಕದವಳಿಗೆ ತೋರಿಸಿದಳು.

ಎಲ್ಲರೂ ಹೋದಮೇಲೆ ಒಂದೊಂದೇ ಗುಂಡಿ ಒತ್ತಿ
ದೀಪ ಆರಿಸಿ ಡಬ್ಬಿಗೆ ಹಾಕಿದೆ.
ಕೊಟ್ಟದ್ದು ಹದಿನೇಳು. ಬಂದದ್ದು ಹದಿನಾರು.
ಕೊರತೆ ಬರೆಯುವ ಪುಸ್ತಕ ಮೇಜಿನ ಮೇಲೇ ಇತ್ತು.
ಬರೆಯಲಿಲ್ಲ.